ಬೆಂಕಿಪೊಟ್ಟಣದ ಕೆಳಗಿನ ರಿಸೀವರ್

“ಬೆಂಕಿಪೊಟ್ಟಣ ಎಲ್ಲ ತಂಡಿ ಹಿಡ್ದು ಮೆತ್ತಗಾಗಿದೆ. ಗೀರಿದ್ರೆ ಮದ್ದು ಉದುರುತ್ತೆ, ಬೆಂಕಿ ಬರಲ್ಲ. ಪೆಟ್ಟಿಗೆ ಯಾವಾಗ ತರ್ತೀ ಮಾರಾಯ್ತಿ?”

ಕಳೆದ ಸೋಮವಾರ ಬೆಳಿಗ್ಗೆ ಕಳಸದಿಂದ ಬಂದ ಫೋನು ಇದು. ಆ ಕಡೆ ಇದ್ದವರು ಗೌರಮ್ಮ. ಕಳಸ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಮನೆಯ ಯಜಮಾನಿ. ಮಗ, ಸೊಸೆ ಅಂಗಡಿ ನೋಡಿಕೊಂಡರೂ ಗಲ್ಲಾಪೆಟ್ಟಿಗೆಯ ಬೀಗದ ಕೈ ಇವರ ಸೆರಗಿನ ತುದಿಯಲ್ಲೇ ಇರುತ್ತದೆ. ಅವರು ಪೆಟ್ಟಿಗೆ ಅಂದದ್ದು ಮೂಡಿಗೆರೆಯ ನಮ್ಮ ಹಾಲ್‌ನಲ್ಲಿ ಕೂತಿರುವ ಹಳೇ ಸ್ಟೀರಿಯೊ ರಿಸೀವರ್‌ಗೆ. ಬೆಳ್ಳಿ ಬಣ್ಣದ ಮುಖ, ಹಸಿರು ಬೆಳಕಿನ ಡಯಲ್, ತಿರುಗಿಸಿದರೆ ಕೈಗೆ ತೂಕ ಗೊತ್ತಾಗುವ ಗುಂಡಿಗಳು. ಗೌರಮ್ಮನವರಿಗೆ ಅದು ಬೆಂಕಿಪೊಟ್ಟಣ ಒಣಗಿಸುವ ಒಲೆ.

(ನಗಬೇಡಿ. ಮೊದಲು ನಾನೂ ನಕ್ಕಿದ್ದೆ.)

ರಿಸೀವರ್ ಅಂದರೆ ಫೋನಿನದಲ್ಲ. ರೇಡಿಯೊ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಯಂತ್ರ. ಸ್ಪೀಕರ್ ಬೇರೆ, ಕ್ಯಾಸೆಟ್ ಡೆಕ್ ಬೇರೆ. ಎಲ್ಲವನ್ನೂ ವೈರಿನಲ್ಲಿ ತಂದು ಇದಕ್ಕೆ ಸಿಕ್ಕಿಸಬೇಕು. ಒಂದು ಕಾಲದಲ್ಲಿ ನಮ್ಮ ಕಡೆಯ ಎಸ್ಟೇಟ್ ಬಂಗಲೆಗಳಲ್ಲಿ ಇಂಥವು ಇದ್ದವು. ದೇವರಮನೆ ಗುಡ್ಡದ ಕಡೆಯ ಒಂದು ತೋಟದಲ್ಲಿ ನನ್ನಪ್ಪ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅಲ್ಲಿನ ಮ್ಯಾನೇಜರ್ ವರ್ಗವಾಗಿ ಹೋಗುವಾಗ ತಮ್ಮ ಸೆಟ್ ಅಪ್ಪನಿಗೆ ಕೊಟ್ಟು ಹೋದರು. ಅಪ್ಪ ಅದನ್ನು ದಿನಾ ಒರೆಸುತ್ತಿದ್ದರು. ನಮ್ಮ ಮುಖವನ್ನು ಅಷ್ಟು ಸಲ ಒರೆಸಿದ್ದು ನೆನಪಿಲ್ಲ.

ಆ ಡೆಕ್ಕಿನ ಮುಂದೆ ಎರಡು ಮೈಕ್ ಸಿಕ್ಕಿಸಲು ಎರಡು ತೂತುಗಳಿದ್ದವು, ಎಡಕ್ಕೊಂದು, ಬಲಕ್ಕೊಂದು. ನಮ್ಮ ದೊಡ್ಡಪ್ಪನ ಮಗಳ ಮದುವೆಯಲ್ಲಿ ಅಮ್ಮ ಮತ್ತು ಚಿಕ್ಕಮ್ಮ ಸೋಬಾನೆ ಹೇಳಲು ಕೂತರು. ಅಮ್ಮ ಒಂದು ಸಾಲು ಹೇಳುವುದು, ಚಿಕ್ಕಮ್ಮ ಅದನ್ನು ಹಿಂದಿನಿಂದ ಎತ್ತಿಕೊಳ್ಳುವುದು. ಅಕ್ಕತಂಗಿಯರು ಯಾವ ಮದುವೆಗೆ ಹೋದರೂ ಹಾಗೇ. ಅಪ್ಪ ಎಡಗಡೆಯ ಮೈಕನ್ನು ಅಮ್ಮನ ಮುಂದೆ, ಬಲಗಡೆಯದನ್ನು ಚಿಕ್ಕಮ್ಮನ ಮುಂದೆ ಇಟ್ಟು ರೆಕಾರ್ಡ್ ಮಾಡಿದರು.

ಆಮೇಲೊಂದು ಏಪ್ರಿಲ್‌ನ ಗುಡುಗು ಮಳೆಯಲ್ಲಿ ಏರಿಯಲ್ ವೈರಿನ ಮೂಲಕ ಸಿಡಿಲು ಇಳಿದು ರಿಸೀವರ್ ಕರಕಲಾಯಿತು. ಡೆಕ್ ಮತ್ತು ಸ್ಪೀಕರ್ ಉಳಿದವು. ಕ್ಯಾಸೆಟ್ ಉಳಿಯಿತು. ಅಮ್ಮ ಉಳಿಯಲಿಲ್ಲ. ಅದಾಗಿ ಕೆಲವು ವರ್ಷಕ್ಕೆ ತೀರಿಕೊಂಡರು. ಅಪ್ಪ ನಮ್ಮ ಮನೆಗೆ ಬಂದರು. ಬರುವಾಗ ಬಟ್ಟೆಯ ಟ್ರಂಕಿಗಿಂತ ಮೊದಲು ಜೀಪಿನಿಂದ ಇಳಿದದ್ದು ಆ ಎರಡು ಸ್ಪೀಕರ್.

ನಮ್ಮಲ್ಲಿದ್ದದ್ದು ಒಂದೇ ಸ್ಪೀಕರಿನ ರೇಡಿಯೊ-ಕ್ಯಾಸೆಟ್ ಟೂ-ಇನ್-ಒನ್. ಅದರಲ್ಲಿ ಸೋಬಾನೆ ಕ್ಯಾಸೆಟ್ ಹಾಕಿದರೆ ಅಕ್ಕತಂಗಿ ಇಬ್ಬರೂ ಕಲಸಿಹೋಗುತ್ತಾರೆ. ಚಿಕ್ಕಮ್ಮನ ಗಂಟಲೋ, ಮೈಕೇ ಬೇಡದ ಗಂಟಲು. ಅಮ್ಮನದು ತೆಳು. ಚಿಕ್ಕಮ್ಮ ಒಂದು ಸಾಲು ಎತ್ತಿಕೊಂಡರೆ ಅಮ್ಮನ ಮುಂದಿನ ಸಾಲಿನ ಅರ್ಧವೂ ಅದರೊಳಗೇ ಮುಳುಗುತ್ತಿತ್ತು. ಅಪ್ಪ ಕಿವಿಯನ್ನು ಜಾಲರಿಗೆ ಅಂಟಿಸಿ ಕೂತಿರುತ್ತಿದ್ದರು. ಒಂದು ದಿನ ಕೇಳಿದರು, “ಇದ್ರಲ್ಲಿ ನಿನ್ನಮ್ಮ ಎಲ್ಲಿದ್ದಾಳೆ ಮಗಾ?”

ನನಗೆ ಹಠ ಹುಟ್ಟಿದ್ದು ಅವತ್ತು.

ಹೊಸ ಮ್ಯೂಸಿಕ್ ಸಿಸ್ಟಮ್ ತರಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಚಿಕ್ಕಮಗಳೂರಿನ ಶೋರೂಮಿಗೆ ಕ್ಯಾಸೆಟ್ ಹಿಡಿದುಕೊಂಡೇ ಹೋಗಿದ್ದೆ. ಮಿಣಮಿಣ ಲೈಟು, ರಾಕ್, ಪಾಪ್, ಜಾಝ್ ಅಂತ ಬಟನ್ನು. ಅಮ್ಮ ರಾಕ್ ಅಲ್ಲ, ಪಾಪ್ ಅಲ್ಲ, ಜಾಝ್ ಅಂತೂ ಅಲ್ಲವೇ ಅಲ್ಲ. ಯಾವ ಬಟನ್ ಒತ್ತಿದರೂ ಬಾವಿಯೊಳಗೆ ಕೂತು ಹಾಡಿದಂತೆ ಕೇಳಿಸಿತು. “ಬ್ಯಾಲೆನ್ಸ್ ಗುಂಡಿ ಎಲ್ಲಿದೆ?” ಅಂದೆ. ಎಡದ ಸ್ಪೀಕರಿಗೆ ಎಷ್ಟು, ಬಲದ್ದಕ್ಕೆ ಎಷ್ಟು ಅಂತ ತೂಗುವ ಗುಂಡಿ ಅದು. “ಈಗ ಅದೆಲ್ಲ ಬರಲ್ಲ ಮೇಡಂ, ಎಲ್ಲಾ ಆಟೋಮ್ಯಾಟಿಕ್” ಅಂದ ಅಂಗಡಿಯವನು. ಯಾರ ದನಿ ಎಷ್ಟು ಕೇಳಬೇಕು ಅಂತ ತೀರ್ಮಾನ ಮಾಡಲು ಆಟೋಮ್ಯಾಟಿಕ್ ಯಾರು ಸ್ವಾಮಿ?

ಹುಡುಕಾಟ ಶುರುವಾಯಿತು. ಮದುವೆ, ತಿಥಿ, ಗೃಹಪ್ರವೇಶ ಯಾವುದಕ್ಕೆ ಹೋದರೂ ನನ್ನ ಕಣ್ಣು ಆ ಮನೆಯ ಅಟ್ಟದ ಮೇಲೆ. ಒಂದು ಬಂಗಲೆಯಲ್ಲಿ ಸಿಕ್ಕಿದ ರಿಸೀವರ್ ಒಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಇನ್ನೊಂದನ್ನು ಬಿಚ್ಚಿದರೆ ಬೂಷ್ಟು, ಬಿಳೀ ಹತ್ತಿಯ ಹಾಗೆ. ನಮ್ಮ ಮಳೆಗಾಲ ಚರ್ಮದ ಚಪ್ಪಲಿಯನ್ನೇ ಬಿಡುವುದಿಲ್ಲ, ಇನ್ನು ತಂತಿ ಗಿಂತಿಯನ್ನು ಬಿಟ್ಟೀತೇ? “ಇನ್ನೊಂದು ತುಕ್ಕು ಡಬ್ಬ ಮನೆಗೆ ಬಂದ್ರೆ ನಾನು ಗೋಡೌನಲ್ಲಿ ಪಾರ್ಚ್‌ಮೆಂಟ್ ಕಾಫಿ ಚೀಲದ ಮೇಲೆ ಮಲಗ್ತೀನಿ” ಅಂದರು ನಮ್ಮನೆಯವರು. ದಿಂಬು ಎತ್ತಿ ಕೊಟ್ಟೆ.

ಕೊನೆಗೆ ಸುಳಿವು ಕೊಟ್ಟದ್ದು ಯಾರು ಗೊತ್ತೇ? ಕಳಸದಲ್ಲೇ ಇರುವ ಚಿಕ್ಕಮ್ಮ. “ಗೌರಮ್ಮನ ಅಂಗಡೀಲಿ ಬೆಂಕಿಪೊಟ್ಟಣದ ಅಡೀಲಿ ಹಸಿರು ಲೈಟಿಂದು ಎಂತದೋ ಉರೀತಾ ಇರುತ್ತೆ ನೋಡು” ಅಂದರು. ಹುಡುಕುವ ಬಳ್ಳಿ ಕಾಲಿಗೆ ತೊಡರಿತು ಅಂದುಕೊಂಡು ಮಾರನೇ ದಿನವೇ ಬಸ್ಸು ಹತ್ತಿದೆ.

ನೋಡಿದೆ. ಹೋದ ವರ್ಷದ ಆಷಾಢದ ಮಳೆ. ಅಂಗಡಿಯ ಒಳಕೋಣೆಯಲ್ಲಿ ರಿಸೀವರ್ ಹಸಿರಾಗಿ ಉರಿಯುತ್ತಿದೆ. ಸ್ಪೀಕರ್ ಇಲ್ಲ, ಸದ್ದಿಲ್ಲ. ಮೇಲೆ ಬಿಸಿ ಗಾಳಿ ಬರುವ ಸೀಳುಗಳ ಮೇಲೆ ಬೆಂಕಿಪೊಟ್ಟಣಗಳ ಸಾಲು, ಪಕ್ಕದಲ್ಲಿ ಉಪ್ಪಿನ ಬಟ್ಟಲು, ಮೊಮ್ಮಗುವಿನ ಕಾಲುಚೀಲ. (ಕರೆಂಟಿನ ಪೆಟ್ಟಿಗೆಯ ಮೇಲೆ ಬೆಂಕಿಪೊಟ್ಟಣ!)

“ನಮ್ಮನೆಯವ್ರು ಇದ್ದಾಗ ಹಾಡ್ತಿತ್ತು” ಅಂದರು ಗೌರಮ್ಮ. “ಸ್ಪೀಕರೊಳಗೆ ಇಲಿ ಸಂಸಾರ ಹೂಡ್ತು, ಎತ್ತಿ ಬಿಸಾಡಿದ್ವಿ. ಇದು ಬೆಚ್ಚಗಿರುತ್ತಲ್ಲ, ಎಂತಕ್ಕೆ ಬಿಸಾಡೋದು? ಮಳೆ ಹಿಡಿದಾಗ ಹಾಕಿದ್ರೆ ಮಳೆ ಬಿಟ್ಟ ಮೇಲೇ ಆರ್ಸೋದು.”

ಎಂಥ ಅವಮಾನ ಅಂದುಕೊಂಡೆ. ಆಮೇಲೆ ಹೊಳೆಯಿತು. ನಾನು ನೋಡಿದ ಉಳಿದ ರಿಸೀವರ್‌ಗಳೆಲ್ಲ ಮರ್ಯಾದೆಯಿಂದ ಬಟ್ಟೆ ಹೊದಿಸಿಕೊಂಡು ತಂಡಿಯಲ್ಲಿ ಸತ್ತಿದ್ದವು. ಇದು ಪ್ರತಿ ಮಳೆಗಾಲ ಬೆಚ್ಚಗಿದ್ದು ಬದುಕಿತ್ತು.

ಕೊಡ್ತೀರಾ ಅಂದೆ. ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಬದಲಿಗೆ ಬಲ್ಬು ಹಾಕಿದ ಮರದ ಪೆಟ್ಟಿಗೆ ಮಾಡಿಸಿಕೊಂಡು ಹೋದೆ. “ಇದ್ರ ಬಿಸಿ ಒಂದೇ ಕಡೆ ಹೊಡಿಯುತ್ತೆ. ಪೊಟ್ಟಣದ ಒಂದು ಮೂಲೆ ಕೆಂಪಾಯ್ತು ನೋಡು” ಅಂತ ವಾಪಸ್ ಕೊಟ್ಟರು. ಸರಿ, ಬಾಯಿಮಾತಿಂದ ಆಗುವುದಿಲ್ಲ. ಜೀಪಿಗೆ ಸ್ಪೀಕರ್, ಡೆಕ್, ಕ್ಯಾಸೆಟ್, ಅಪ್ಪ ಎಲ್ಲರನ್ನೂ ಹತ್ತಿಸಿದೆ. ಚಿಕ್ಕಮ್ಮನೂ ಅಂಗಡಿಗೆ ಬಂದರು. (ಕರೆದಿರಲಿಲ್ಲ. ಕರೆಯಬೇಕಾಗಿಯೂ ಇಲ್ಲ.)

ಅಕ್ಕಿಮೂಟೆಗಳ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇಟ್ಟೆವು. ನಡುವೆ ಸ್ಟೂಲಿನ ಮೇಲೆ ಅಪ್ಪ. ಗೌರಮ್ಮ ಬೆಂಕಿಪೊಟ್ಟಣಗಳನ್ನು ಇಳಿಸಲು ಒಪ್ಪಲಿಲ್ಲ, ಹಾಗೇ ಇದ್ದವು. ಕ್ಯಾಸೆಟ್ ಹಾಕಿದೆ.

ಎಡದಿಂದ ಅಮ್ಮ ಒಂದು ಸಾಲು ಹೇಳಿದರು. ಬಲದಿಂದ ಚಿಕ್ಕಮ್ಮ ಎತ್ತಿಕೊಂಡರು. ಇಬ್ಬರೂ ಅಂಗಡಿಯಲ್ಲಿ ಎದುರುಬದುರು ಕೂತ ಹಾಗೆ!

ಅಪ್ಪ ಎದ್ದು ಬಂದರು. ಬ್ಯಾಲೆನ್ಸ್ ಗುಂಡಿ ಹುಡುಕಿ ಪೂರ್ತಿ ಎಡಕ್ಕೆ ತಿರುಗಿಸಿದರು. ಚಿಕ್ಕಮ್ಮ ದೂರದ ಗದ್ದೆಯಿಂದ ಕೂಗಿದಷ್ಟಾದರು.

“ಅಯ್ಯೋ! ನನ್ನ ಬಾಯಿ ಮುಚ್ಚಿಸ್ಬಿಟ್ರಲ್ಲ ಭಾವ!” ಅಂದರು ಚಿಕ್ಕಮ್ಮ.

“ಇಷ್ಟು ವರ್ಷಕ್ಕೆ ಒಂದು ಗುಂಡಿ ಸಿಕ್ತು” ಅಂದರು ಅಪ್ಪ.

ಎಲ್ಲರೂ ನಕ್ಕೆವು. ಆಮೇಲೆ ನಗು ನಿಂತಿತು. ಯಾಕೆಂದರೆ ಅಮ್ಮನ ದನಿ ಮಾತ್ರ ಅಲ್ಲ, ಎರಡು ಸಾಲುಗಳ ನಡುವೆ ತಂಗಿ ಹಾಡುವಷ್ಟು ಹೊತ್ತು ಅಮ್ಮ ಕಾಯುವುದೂ ಕೇಳಿಸುತ್ತಿತ್ತು. ಬಳೆ ಸರಿಸಿಕೊಂಡದ್ದು ಕೇಳಿಸಿತು. ಮುಂದಿನ ಸಾಲಿಗೆ ಮೊದಲು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಅಪ್ಪ ಎಡಗಡೆಯ ಸ್ಪೀಕರಿನ ಹತ್ತಿರ ಸ್ಟೂಲು ಎಳೆದುಕೊಂಡು ಕೂತರು. ನಾನು ಅತ್ತೆ. ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪನೇ ಎದ್ದು ಗುಂಡಿಯನ್ನು ನಡುವಿಗೆ ತಂದರು. “ತಂಗಿ ಇಲ್ದೆ ಅವಳ ಹಾಡು ಮುಂದಕ್ಕೆ ಹೋಗಲ್ಲ” ಅಂದರು. ಚಿಕ್ಕಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಗೌರಮ್ಮ ಬೆಂಕಿಪೊಟ್ಟಣಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ ನಿಂತಿದ್ದರು. ಕೊನೆಗೆ ಅಪ್ಪನಿಗೆ ಅಂದರು, “ಈಗ ಕೊಡ್ಲಿಕ್ಕಾಗಲ್ಲ ಗೌಡ್ರೆ. ಮಳೆ ಇದೆ. ದೀಪಾವಳಿ ಕಳೀಲಿ, ತಗೊಂಡು ಹೋಗಿ. ದುಡ್ಡು ಗಿಡ್ಡು ಬೇಡ. ಆದ್ರೆ ಮುಂಗಾರು ಹಿಡಿದ ವಾರಕ್ಕೆ ಪೆಟ್ಟಿಗೆ ಇಲ್ಲಿರ್ಬೇಕು.”

ಅಪ್ಪ ನನ್ನ ಕಡೆ ನೋಡಿದರು. ನಾನು ಹೂಂ ಅಂದೆ.

ದೀಪಾವಳಿಯಿಂದ ಇಲ್ಲಿಯವರೆಗೆ ನಮ್ಮ ಮನೆಯಲ್ಲಿ ಸೋಬಾನೆ. ಕಾಫಿ ಕೊಯ್ಲಿನ ಗಲಾಟೆಯಲ್ಲೂ ಸಂಜೆಯಾದರೆ ಅಪ್ಪ ಗುಂಡಿ ಹಿಡಿಯುತ್ತಾರೆ. ಸ್ವಲ್ಪ ಎಡಕ್ಕೆ, ಮತ್ತೆ ನಡುವಿಗೆ. ಗೋಡೌನಿಗೆ ಹೋಗಿ ಮಲಗುತ್ತೇನೆ ಅಂದ ನಮ್ಮನೆಯವರು ಈಗ ಪೇಪರ್ ಹಿಡಿದುಕೊಂಡು ಅಲ್ಲೇ ಕೂರುತ್ತಾರೆ. ಪುಟ ಮಾತ್ರ ತಿರುಗುವುದಿಲ್ಲ.

ಈಗ ಮಳೆ ಹಿಡಿದಿದೆ. ಗೌರಮ್ಮನವರ ಫೋನೂ ಬಂದಿದೆ. ನಾಳೆ ಬೆಳಿಗ್ಗೆ ರಿಸೀವರನ್ನು ಕಂಬಳಿಯಲ್ಲಿ ಸುತ್ತಿ, ಮೇಲೆ ಟಾರ್ಪಾಲು ಹೊದಿಸಿ, ಜೀಪಿನಲ್ಲಿ ಕಳಸಕ್ಕೆ ಒಯ್ಯುತ್ತೇನೆ. ನಮ್ಮನೆಯವರು ಮೆಲ್ಲಗೆ, “ಕೆಟ್ಟೋಗಿದೆ ಅಂದ್ಬಿಡು” ಅಂದರು. ಅದು ಸಾಧ್ಯವಿಲ್ಲ. ಕೊಟ್ಟ ಮಾತು ಕೊಟ್ಟ ಮಾತೇ. ಅಲ್ಲದೆ ನಮ್ಮ ಹಾಲ್‌ನಲ್ಲಿ ತೆಪ್ಪಗೆ ಬಟ್ಟೆ ಹೊದ್ದು ಕೂತರೆ ಇದಕ್ಕೂ ಬೂಷ್ಟು ಹಿಡಿಯುವುದಕ್ಕೆ ಎಷ್ಟು ಹೊತ್ತು?

ನಿನ್ನೆ ಸಂಜೆ ಕ್ಯಾಸೆಟ್ ತೆಗೆದು ಡಬ್ಬಿಗೆ ಹಾಕುತ್ತಾ ಅಪ್ಪ ಕೇಳಿದರು, “ಇನ್ನು ದೀಪಾವಳಿಗೇನಾ ಮಗಾ?” ಅಪ್ಪನ ವಯಸ್ಸಿನವರು ಮುಂದಿನ ದೀಪಾವಳಿ ಅನ್ನುವಾಗ ದನಿ ಬೇರೆ ಥರ ಇರುತ್ತದೆ.

ವಾಪಸ್ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ, ಸರಿ. ಇನ್ನೊಂದನ್ನು ಹುಡುಕುವುದಿಲ್ಲ ಅಂತ ಯಾರಿಗೂ ಮಾತು ಕೊಟ್ಟಿಲ್ಲವಲ್ಲ!

ಹಾಗಾಗಿ ಮಲೆನಾಡಿನ ಓದುಗರೇ, ಈ ಪೇಪರ್ ಕೆಳಗಿಟ್ಟು ಒಮ್ಮೆ ಎದ್ದು ಹೋಗಿ ನೋಡಿ ಹೇಳಿ: ನಿಮ್ಮ ಮನೆಯ ಬೆಂಕಿಪೊಟ್ಟಣ ಯಾವುದರ ಮೇಲೆ ಕೂತಿದೆ?