ಇಲ್ಲದ ಕಂಪ್ಯೂಟರಿನ ಝಳ

ನಾನು ಇವತ್ತಿನವರೆಗೆ ಲೆಕ್ಕವಿಲ್ಲದಷ್ಟು ಕಂಪ್ಯೂಟರುಗಳನ್ನು ಬಿಚ್ಚಿ ಜೋಡಿಸಿದ್ದೇನೆ. ಆದರೆ ಒಂದರ ಸ್ಕ್ರೂವನ್ನೂ ಕೈಯಿಂದ ಮುಟ್ಟಿಲ್ಲ. ನನ್ನ ರಿಪೇರಿ ಅಂಗಡಿ ಇರುವುದು ಲ್ಯಾಪ್‌ಟಾಪಿನೊಳಗೆ, ಒಂದು ಆಟದಲ್ಲಿ. ಅಲ್ಲಿ ಗಿರಾಕಿಗಳು ಬರುತ್ತಾರೆ, ತಮ್ಮ ಯಂತ್ರ ಇನ್ನೂ ಜೋರಾಗಿ ಓಡಬೇಕು ಅನ್ನುತ್ತಾರೆ, ನಾನು ಓಡಿಸಿ ಕಳಿಸುತ್ತೇನೆ. ಗಂಗಾವತಿಯ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ಕೆಲಸವನ್ನು ಬೇಗ ಮುಗಿಸುವ ಸುಖ ಸಿಕ್ಕಿದ್ದು ಈ ಆಟದಲ್ಲಿಯೇ.

ಜೋರಾಗಿ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಪ್ರೊಸೆಸರು ಅಂದರೆ ಕಂಪ್ಯೂಟರಿನ ಮಿದುಳು. ಅದು ಇಷ್ಟು ವೇಗದಲ್ಲಿ ಓಡಲಿ ಎಂದು ತಯಾರಿಸಿದವರು ಗೊತ್ತುಮಾಡಿರುತ್ತಾರೆ. ನಾವು ಆ ಗೆರೆ ದಾಟಿಸಿ, ಸ್ವಲ್ಪ ಹೆಚ್ಚು ಕರೆಂಟು ಕುಡಿಸಿ, ಇನ್ನಷ್ಟು ಓಡಿಸುತ್ತೇವೆ. ಕೂಡಲೇ ಅದು ಕಾಯುತ್ತದೆ. ಕಾಯಿತೆಂದು ಫ್ಯಾನು ಹಾಕಬೇಕು, ಸಾಲದಿದ್ದರೆ ನೀರು ಹರಿಸುವ ಕೊಳವೆ ಜೋಡಿಸಬೇಕು. ಅಷ್ಟಾದರೂ ಒಂದೇ ಡಬ್ಬಿಯಿಂದ ಬಂದ ಎರಡು ಪ್ರೊಸೆಸರು ಒಂದೇ ಥರ ತಡೆಯುವುದಿಲ್ಲ. ಒಂದು ಎಷ್ಟು ಓಡಿಸಿದರೂ ತಣ್ಣಗಿರುತ್ತದೆ, ಇನ್ನೊಂದು ಮುಟ್ಟಿದರೆ ಸಾಕು ಕುದಿಯುತ್ತದೆ. ಅಣ್ಣತಮ್ಮಂದಿರಿರುವ ಯಾವ ಮನೆಯಲ್ಲೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೋಚಿಸಿ ನೋಡಿದರೆ ನಮ್ಮ ಕಡೆಯವರಿಗೆ ಈ ವಿದ್ಯೆ ಹೊಸದೇನಲ್ಲ. ಗಂಗಾವತಿಯಿಂದ ಹೊರಡುವ ಟಂಟಂ ಗಾಡಿ ನೋಡಿ. ಡ್ರೈವರ್ ಸೀಟಿನ ಎರಡೂ ಕಡೆ ಜನ ಕೂತು, ಡ್ರೈವರನೇ ಪ್ರಯಾಣಿಕನಂತೆ ಮೂಲೆಗೆ ಸರಿದಿರುತ್ತಾನೆ. ಭತ್ತ ತುಂಬಿದ ಟ್ರ್ಯಾಕ್ಟರು ಕಾಲುವೆಯ ಏರಿ ಹತ್ತುವಾಗ ಮುಂದಿನ ಗಾಲಿಗಳು ನೆಲ ಬಿಡಲೋ ಬೇಡವೋ ಎಂದು ವಿಚಾರ ಮಾಡುತ್ತಿರುತ್ತವೆ. ಓಡಿಸುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ, ತಣ್ಣಗೆ ಮಾಡುವುದನ್ನು ಯಾರೂ ಕಲಿಸಿಲ್ಲ. ಬೇಸಿಗೆಯಲ್ಲಿ ಫ್ಯಾನು ಹಾಕಿದರೆ ಮೇಲಿದ್ದ ಝಳ ಕೆಳಗೆ ಬರುತ್ತದೆ, ಅಷ್ಟೇ.

ಈ ಸಲದ ಬೇಸಿಗೆಯಲ್ಲಿ ನಾನು ರಜೆ ಹಾಕಿ ನವಲಿಗೆ ಹೋದೆ, ಅಕ್ಕನ ಊರಿಗೆ. ಲ್ಯಾಪ್‌ಟಾಪನ್ನೂ ಒಯ್ದಿದ್ದೆ. ಸುಗ್ಗಿಗೆ ಕೈಜೋಡಿಸಲು ಬಂದೆನೆಂದು ಎಲ್ಲರಿಗೂ ಹೇಳಿದೆ, ನಿಜವಾಗಿ ಬಂದದ್ದು ಅಕ್ಕನನ್ನು ಕಾಯಲಿಕ್ಕೆ. ಹೋದ ಬೇಸಿಗೆಯಲ್ಲಿ ಅವಳು ರಸ್ತೆಯ ಮೇಲೆ ಒಣಹಾಕಿದ ಭತ್ತದ ನಡುವೆಯೇ ತಲೆಸುತ್ತಿ ಬಿದ್ದಿದ್ದಳು. ಬಿ.ಪಿ. ಇದೆ, ಮಧ್ಯಾಹ್ನದ ಬಿಸಿಲಿಗೆ ಇಳಿಯಲೇಬಾರದು, ಇನ್ನೊಮ್ಮೆ ಹೀಗಾದರೆ ಏಳುತ್ತಾಳೆಂಬ ಭರವಸೆ ಕೊಡಲಾರೆ ಎಂದು ಡಾಕ್ಟರು ಹೇಳಿದ್ದರು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ನನಗೆ ಹೆದರಿಕೆಯಾಗಿತ್ತು.

ಮಷೀನು ಕೊಯ್ದ ಭತ್ತ ಹಸಿಯಾಗಿರುತ್ತದೆ. ಅದನ್ನು ಡಾಂಬರು ರಸ್ತೆಯ ಅಂಚಿನಲ್ಲಿ ಹಾಸಿ, ಅದರೊಳಗೆ ಕಾಲೆಳೆಯುತ್ತ ಈ ತುದಿಯಿಂದ ಆ ತುದಿಗೆ ನಡೆಯಬೇಕು. ಆಗ ಕೆಳಗಿನ ಕಾಳು ಮೇಲೆ ಬರುತ್ತದೆ. ಇದನ್ನು ಬರಿಗಾಲಲ್ಲಿಯೇ ಮಾಡಬೇಕು, ಅನ್ನವಾಗುವ ಕಾಳನ್ನು ಯಾರೂ ಚಪ್ಪಲಿಯಲ್ಲಿ ತುಳಿಯುವುದಿಲ್ಲ. ಮಧ್ಯಾಹ್ನ ತಿರುವದಿದ್ದರೆ ಮೇಲಿನದು ಸೀಳಿ, ಕೆಳಗಿನದು ಹಸಿಯುಳಿದು, ಮಿಲ್ಲಿಗೆ ಹೋದಾಗ ಬರೀ ನುಚ್ಚು ಬೀಳುತ್ತದೆ ಎಂಬುದು ಅಕ್ಕನ ವಾದ. ಅಕ್ಕನ ಗಂಡ, ನಮ್ಮ ಮಾವ, ಟ್ರ್ಯಾಕ್ಟರಿನ ಜೊತೆ ಮಿಲ್ಲಿಗೆ ಓಡಾಡುತ್ತಿದ್ದ. ಆಳುಗಳನ್ನು ಹಚ್ಚೋಣವೆಂದರೆ ಅವರ ಕಾಲಿನ ಮೇಲೆ ಅಕ್ಕನಿಗೆ ನಂಬಿಕೆಯಿಲ್ಲ. ಪಕ್ಕದಲ್ಲಿ ತನ್ನ ಭತ್ತ ಒಣಹಾಕಿದ್ದ ಲಕ್ಷ್ಮವ್ವ ಅವಳಿಗಿಂತ ಎಷ್ಟೋ ಚಿಕ್ಕವಳು, ಆದರೂ ಅಕ್ಕ ಅವಳಿಗಿಂತ ಮುಂಚೆ ಆ ತುದಿ ಮುಟ್ಟಬೇಕು.

ನಾನು ಡಾಕ್ಟರ ಮಾತು ನೆನಪಿಸಿದೆ, ಸಿಟ್ಟು ಮಾಡಿದೆ, ಊಟ ಬಿಡುತ್ತೇನೆಂದೂ ಹೆದರಿಸಿದೆ. ಅಕ್ಕ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಊಟ ಬಿಡುವ ಮಾತಿಗಂತೂ ನಕ್ಕು, ಇನ್ನೊಂದು ರೊಟ್ಟಿ ಹಾಕಿದಳು.

ಸೋತವನು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಆಟಕ್ಕೆ ಕೂತೆ. ಲ್ಯಾಪ್‌ಟಾಪು ಕಾಯುತ್ತದೆಂದು ಅದರ ಕೆಳಗೆ ಎರಡು ಚಹಾ ಬಸಿ ಬೋರಲು ಹಾಕಿದ್ದೆ. ಇಲ್ಲದ ಕಂಪ್ಯೂಟರನ್ನು ತಣ್ಣಗಿಡಲು ಹೋಗಿ ಇರುವ ಕಂಪ್ಯೂಟರು ಕಾಯುತ್ತಿತ್ತು. ಅಕ್ಕ ಬಸಿ ಹುಡುಕುತ್ತ ಬಂದವಳು ಪರದೆಯ ಮೇಲೆ ಕೆಂಪಾಗುತ್ತಿದ್ದ ಅಂಕಿಯನ್ನು ನೋಡಿ ಇದೇನೆಂದು ಕೇಳಿದಳು. ನನಗೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವಂತಿರಲಿಲ್ಲ. ಮಿದುಳು, ವೇಗ, ಕಾವು ಎಲ್ಲವನ್ನೂ ವಿವರಿಸಿ, ಕೊನೆಗೆ ಮುಖ್ಯ ಮಾತಿಗೆ ಬಂದೆ. ಕಾವು ಮಿತಿ ಮೀರಿದರೆ ಪ್ರೊಸೆಸರು ತಾನಾಗಿಯೇ ವೇಗ ಇಳಿಸಿಕೊಂಡು ತನ್ನ ಜೀವ ಉಳಿಸಿಕೊಳ್ಳುತ್ತದೆ ಎಂದೆ.

"ಅದಕ ಯಾರು ಹೇಳ್ತಾರ, ಸಾವಕಾಶ ಮಾಡು ಅಂತ?" ಎಂದು ಕೇಳಿದಳು.

"ಯಾರೂ ಹೇಳೂದಿಲ್ಲಕ್ಕ. ತಾನ ಮಾಡ್ಕೋತೈತಿ."

ಅಕ್ಕ ಲ್ಯಾಪ್‌ಟಾಪನ್ನು ಒಂದು ಕೈಯಿಂದ ಎತ್ತಿದಳು. "ಮಂದಿ ಮುಂದ ಹಂಗ ಕುಂತರ ನಾಚಿಕಿ ಆಗೂದಿಲ್ಲೇನು ಅದಕ?" ಎಂದು ಬಸಿ ಎರಡನ್ನೂ ಎತ್ತಿಕೊಂಡು ಹೋದಳು.

ಕಂಪ್ಯೂಟರು ಮಾಡುವವರು ಎಂದೂ ಎದುರಿಸದ ತೊಂದರೆ ಇದು. ಪ್ರೊಸೆಸರಿಗೆ ನೆರೆಹೊರೆಯಿಲ್ಲ, ಅದು ನಿಧಾನವಾದರೆ ಪಕ್ಕದ ಪ್ರೊಸೆಸರು ಊರೆಲ್ಲ ಹೇಳಿಕೊಂಡು ಬರುವುದಿಲ್ಲ. ನಾಚಿಕೆಯನ್ನು ತಣ್ಣಗೆ ಮಾಡುವ ಫ್ಯಾನು ನನ್ನ ಅಂಗಡಿಯ ಯಾವ ಕಪಾಟಿನಲ್ಲೂ ಇರಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕ ಸೆರಗು ಬಿಗಿದು ಎದ್ದಾಗ ನಾನೂ ಎದ್ದೆ, ಇವತ್ತು ನಾನೇ ತಿರುವುತ್ತೇನೆಂದೆ. ಉಪಾಯವೇನೂ ಇರಲಿಲ್ಲ, ಮಾತೆಲ್ಲ ಮುಗಿದುಹೋಗಿತ್ತು. ಆದರೆ ಹದಿನೈದು ವರ್ಷ ಕುರ್ಚಿಯ ಕೆಳಗೆ ನೆರಳಲ್ಲಿ ಬೆಳೆದ ಕಾಲುಗಳು ಡಾಂಬರು ಒಪ್ಪಲಿಲ್ಲ. ಚಪ್ಪಲಿ ಹಾಕುವಂತಿಲ್ಲ. ಕಚೇರಿಗೆ ಹಾಕುವ ಕಾಲುಚೀಲ ಚೀಲದಲ್ಲಿತ್ತು. ಅದನ್ನು ಏರಿಸಿಕೊಂಡು ಭತ್ತಕ್ಕೆ ಇಳಿದೆ.

ಲಕ್ಷ್ಮವ್ವ ನಡೆಯುವುದನ್ನೇ ನಿಲ್ಲಿಸಿದಳು. ಕಾಲುಚೀಲ ಚಪ್ಪಲಿಯ ಲೆಕ್ಕವೋ ಬಟ್ಟೆಯ ಲೆಕ್ಕವೋ ಎಂದು ಅವಳಿಗೂ ಅಕ್ಕನಿಗೂ ಚರ್ಚೆಯಾಯಿತು. ಬೂಟಿನೊಳಗೆ ಇದ್ದದ್ದು ಬೂಟೇ ಎಂದು ಲಕ್ಷ್ಮವ್ವ, ಒಗೆದಿದ್ದರೆ ಬಟ್ಟೆ ಎಂದು ಅಕ್ಕ. ತಮ್ಮನ ಮಾನದ ಪ್ರಶ್ನೆ ನೋಡಿ. ಚರ್ಚೆ ಮುಗಿಯುವುದರೊಳಗೆ ಭತ್ತದ ಸುಂಕು, ಆ ಚುಚ್ಚುವ ಧೂಳು, ಕಾಲುಚೀಲದೊಳಗೆ ಇಳಿದು, ನಾನು ತುರಿಕೆ ತಾಳಲಾರದೆ ಅವನ್ನು ಕಿತ್ತೆಸೆದು ಬರಿಗಾಲಲ್ಲಿ ಕುಣಿಯುತ್ತಿದ್ದೆ.

ಅಕ್ಕ ನನ್ನನ್ನು ಕರೆದು ತಾನು ಇಳಿಯುವಳೆಂದು ಕಾದೆ. ಅವಳು ಬೇವಿನ ಮರದ ಕೆಳಗೆ ಕಲ್ಲಿನ ಮೇಲೆ ಕೂತಳು. ನನ್ನ ನಡಿಗೆ ಅಷ್ಟು ಕೆಟ್ಟದಾಗಿತ್ತು, ಅದನ್ನು ತಿದ್ದುವುದೇ ಅವಳಿಗೆ ಕೈತುಂಬ ಕೆಲಸವಾಯಿತು. "ಕಾಲು ಎತ್ತಬ್ಯಾಡ, ಎಳಿ. ಮೆರವಣಿಗಿ ಹೊಂಟೀಯೇನು?" ಎಂದು ಶುರುವಾದದ್ದು, ನಡುವೆ ಸಾಲು ಬಿಟ್ಟದ್ದು, ಅಂಚು ಮರೆತದ್ದು ಎಂದು ಮುಂದುವರಿಯಿತು. ಬಿಸಿಲಿಳಿಯುವವರೆಗೂ ಅವಳು ನೆರಳಿನಿಂದ ಏಳಲಿಲ್ಲ. ಲಕ್ಷ್ಮವ್ವನಿಗೂ ಆಡಿಕೊಳ್ಳಲು ಏನೂ ಸಿಗಲಿಲ್ಲ, ಅಕ್ಕ ಸುಮ್ಮನೆ ಕೂತಿರಲಿಲ್ಲವಲ್ಲ. ನಾನು ಆಟದಲ್ಲಿ ಕಲಿಯದೆ ಹೋದ ತಣಿಸುವ ವಿಧಾನ ನನ್ನ ದಡ್ಡತನದಲ್ಲಿಯೇ ಇತ್ತು. ಸುಗ್ಗಿ ಮುಗಿಯುವವರೆಗೆ ಅದನ್ನು ಹಾಗೆಯೇ ಕಾಪಾಡಿಕೊಳ್ಳಬೇಕೆಂದು ನಿಶ್ಚಯಿಸಿದೆ, ಅದಕ್ಕೆ ಹೆಚ್ಚು ಶ್ರಮವೇನೂ ಬೇಕಾಗಲಿಲ್ಲ.

ಕೊನೆಯ ದಿನ ಝಳ ವಿಪರೀತವಿತ್ತು. ನನ್ನ ಹೆಜ್ಜೆ ತಾನಾಗಿಯೇ ನಿಧಾನವಾಗುತ್ತ ಬಂದು ರಸ್ತೆಯ ನಡುವೆ ನಿಂತಿತು. ಕಣ್ಣಿಗೆ ಕತ್ತಲೆ ಬಂದಂತಾಗಿತ್ತು. ಬೈಗುಳ ಬರುತ್ತದೆಂದು ಕಿವಿ ಸಿದ್ಧವಾಗಿತ್ತು.

"ಬಾರೋ, ಕುಂದ್ರು ಬಾ," ಎಂದಳು ಅಕ್ಕ, ಲಕ್ಷ್ಮವ್ವನಿಗೂ ಕೇಳಿಸುವ ಹಾಗೆ. "ನಿನ್ನ ಆ ಕಂಪ್ಯೂಟರ ಡಬ್ಬಿಗಿ ಇರೂವಷ್ಟು ಬುದ್ಧಿ ನಮಗೂ ಇರ್ಲಿ."

ಕಲ್ಲಿನ ಮೇಲೆ ಸರಿದು ಜಾಗ ಮಾಡಿದಳು, ಮಜ್ಜಿಗೆಯ ತಂಬಿಗೆ ಕೊಟ್ಟಳು. ಸ್ವಲ್ಪ ಹೊತ್ತಿಗೆ ಲಕ್ಷ್ಮವ್ವನೂ ಬಂದು ಕೂತಳು. ರಸ್ತೆಯ ಮೇಲೆ ಯಾರ ಕಾಲೂ ಇರಲಿಲ್ಲ. ಭತ್ತ ತನ್ನಷ್ಟಕ್ಕೆ ಒಣಗುತ್ತಲೇ ಇತ್ತು.