ಹನ್ನೆರಡು ಸಿಲಿಂಡರಿನ ಸದ್ದು

ನಮ್ಮ ಯಜಮಾನರು ದಿನಾ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಬಾಯಲ್ಲಿ ಒಂದು ಸದ್ದು ಮಾಡುತ್ತಿದ್ದರು. ಅದು ಇಟಲಿಯ ಕಾರಿನ ಸದ್ದಂತೆ. ಆ ಕಾರನ್ನು ಅವರು ನೋಡಿದವರೂ ಅಲ್ಲ, ಕೇಳಿದವರೂ ಅಲ್ಲ. ರದ್ದಿಯಲ್ಲಿ ಸಿಕ್ಕ ಪತ್ರಿಕೆಯಿಂದ ಅದರ ಚಿತ್ರ ಕತ್ತರಿಸಿ, ಮರಾಠಿ ಸೀಮೆಯ ಕೋಥರೂಡದ ನಮ್ಮ ಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದ್ದರು. ನನಗೆ ಸೀರೆ ಬೇಕೆಂದರೆ ಮೊದಲು ಕಾರಿನ ದರ್ಶನ ಆಗಬೇಕು.

ಅವರು ಸ್ಕೂಟರ್ ಕಾರ್ಖಾನೆಯಲ್ಲಿ ಫಿಟರ್. ಊಟಕ್ಕೆ ಕೂತರೆ ಪಾಠ ಶುರು. ಹನ್ನೆರಡು ಸಿಲಿಂಡರಿನ ಎಂಜಿನ್ನು ಸೀಟಿನ ಬೆನ್ನಿಗೇ ಇರುತ್ತದೆ, ಗೇರ್‌ಬಾಕ್ಸು ಮುಂದಕ್ಕೆ ಬಂದು ಎರಡು ಸೀಟಿನ ನಡುವೆ ಕೂರುತ್ತದೆ, ಭಾರವೆಲ್ಲ ನಡುವಿಗೆ ಬರುವುದರಿಂದ ಎಂಥ ತಿರುವಿನಲ್ಲೂ ಕಾರು ನೆಲ ಬಿಡುವುದಿಲ್ಲ.

"ಎಂಜಿನ್ ಹಿಂದ ಅಂದ್ರ ನಮ್ಮ ರಿಕ್ಷಾದಂಗ ಅನ್ರಿ," ಎಂದೆ ಒಮ್ಮೆ. ಅವತ್ತು ಅವರು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

"ರೇಸಿನ ಕಾರಲ್ಲ ಅದು. ನಂಬರ್ ಪ್ಲೇಟ್ ಹಾಕಿ ರಸ್ತಾದಾಗ ಓಡಸಬಹುದು. ಹಳೇದಾದಂಗ ಕಿಮ್ಮತ್ತು ಏರತದ."

"ನಾನೂ ಹಳೇಕಿ ಆಗಾಕತ್ತೀನಿ. ನನ್ನ ಕಿಮ್ಮತ್ತರಿ?"

ಅವರು ಕಪಾಟಿನ ಚಿತ್ರದ ಕಡೆ ತಿರುಗುತ್ತಿದ್ದರು. "ಒಮ್ಮೆ ಒಳಗ ಕೂತು ಅದರ ಪೂರ್ತಿ ದನಿ ಕೇಳಬೇಕು ನೋಡು. ಮತ್ತೇನೂ ಬ್ಯಾಡ," ಎನ್ನುತ್ತಿದ್ದರು.

ಒಂದು ಭಾನುವಾರ ಆ ಕಾರು ನಮ್ಮ ಓಣಿಗೇ ಬಂತು. ದಾರಿ ತಪ್ಪಿದ ಮುಂಬೈ ಸಾಹುಕಾರರೊಬ್ಬರು, ನೀರಿನ ಪೈಪಿಗೆಂದು ಅಗೆದ ತಗ್ಗಿನಲ್ಲಿ ಅದರ ಮೂತಿ ಇಳಿಸಿದ್ದರು. ಯಜಮಾನರು ಬನಿಯನ್ನಿನಲ್ಲೇ ಓಡಿದರು, ಹಿಂದೆ ನಾನೂ. ಪಕ್ಕದ ಕಟ್ಟಡದ ಕೆಲಸದವರು, ನಮ್ಮ ಕಡೆಯ ಕನ್ನಡದವರೇ, ಹಲಗೆ ತಂದು ಕೈಹಚ್ಚಿದರು. ಇವರು ಕೆಸರಿನಲ್ಲಿ ಮಲಗಿ ಕಾರಿನ ಅಡಿ ನೋಡಿದರು. ಕೆಲಸಕ್ಕೆ ಬೇಕಾದಷ್ಟು ನೋಡಿಯಾದ ಮೇಲೂ ನೋಡುತ್ತಲೇ ಇದ್ದರು.

ಕಾರು ಮೇಲೆ ಬಂತು. ಓಣಿಯಲ್ಲಿ ಅದು ಬರೀ ಗುರುಗುಟ್ಟಿತು. ಖುಷಿಯಾದ ಸಾಹುಕಾರರು ಮರಾಠಿಯಲ್ಲಿ, ಬನ್ನಿ, ದೊಡ್ಡ ರಸ್ತೆಯಲ್ಲಿ ಒಂದು ಸುತ್ತು ಹಾಕಿಸುತ್ತೇನೆ ಎಂದರು. ಬಾಗಿಲು ಮೇಲಕ್ಕೆದ್ದಿತು. ಒಳಗೆ ಹಾಲಿನಷ್ಟು ಬಿಳಿಯ ಚರ್ಮದ ಸೀಟು.

ಯಜಮಾನರು ಸೀಟು ನೋಡಿದರು, ತಲೆಯಿಂದ ಕಾಲಿನವರೆಗೆ ಕೆಸರಾದ ತಮ್ಮನ್ನು ನೋಡಿಕೊಂಡರು. ಇವರು ಸ್ನಾನ ಮಾಡಿ ಬರುವ ತನಕ ಕಾಯಲು ಸಾಹುಕಾರರಿಗೆ ಪುರುಸೊತ್ತಿರಲಿಲ್ಲ. ಇವರು ಒಂದು ಹೆಜ್ಜೆ ಹಿಂದೆ ಸರಿದರು.

"ನೀ ಕೂಡು," ಎಂದರು ನನಗೆ.

"ನಾ?"

"ನೀ ಸ್ವಚ್ಛ ಅದೀ."

ಮದುವೆಯಾದ ಮೇಲೆ ಅವರ ಬಾಯಿಂದ ಬಂದ ದೊಡ್ಡ ಹೊಗಳಿಕೆ ಅದೇ.

ಕೂತೆನೋ, ನೆಲಕ್ಕೆ ಬಿದ್ದೆನೋ ತಿಳಿಯಲಿಲ್ಲ. ದೊಡ್ಡ ರಸ್ತೆಗೆ ಬಂದದ್ದೇ ಕಣ್ಣು ಮುಚ್ಚಿಕೊಂಡೆ. ಕಿವಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ, ಎರಡೂ ಕೈಯಿಂದ ಸೀಟು ಹಿಡಿದಿದ್ದೆ.

ಮರಳಿದಾಗ ಅವರು ಅಲ್ಲೇ ನಿಂತಿದ್ದರು. ಮೈಮೇಲಿನ ಕೆಸರು ಒಣಗಿತ್ತು. ಕಾರು ಹೋಗುವುದನ್ನೂ ನೋಡದೆ ನನ್ನ ಮುಖವನ್ನೇ ನೋಡಿದರು. ಕಾಡಿಸಬೇಕೆಂದುಕೊಂಡು ಬಂದವಳಿಗೆ ಅಳು ಬಂತು.

"ನೀವು ದಿನಾ ಮಾಡೂ ಸದ್ದು ತಪ್ಪು ಅದರಿ," ಎಂದೆ.

"ಮತ್ತ ಹೆಂಗದ?"

ನಡು ಓಣಿಯಲ್ಲಿ, ಇಡೀ ಓಣಿಯ ಹೆಂಗಸರ ಮುಂದೆ, ಸೆರಗು ಸರಿಮಾಡಿಕೊಂಡು ಮಾಡಿ ತೋರಿಸಿದೆ. ಹೊಟ್ಟೆಯಿಂದ ಮೆಲ್ಲಗೆ ಎದ್ದು, ಏರಿ ಏರಿ, ಕೊನೆಗೆ ಉಸಿರು ಮುಗಿಯುವ ತನಕ. ಯಾರೋ ನಕ್ಕರು. ಅವರು ಕಣ್ಣು ಮುಚ್ಚಿ ಕೇಳಿದರು.

"ಇನ್ನೊಮ್ಮೆ ಮಾಡು," ಎಂದರು.