ಪ್ರಮಿತಾ ಆರಿಸಿದ ಮೂರನೆಯ ಸಾಫ್ಟ್‌ವೇರು

ಸೋಮವಾರ ಬೆಳಿಗ್ಗೆ ಪ್ರಮಿತಾ ಅಡುಗೆಮನೆಯ ಹೊಸ್ತಿಲಿನಾಚೆ ನಿಂತು, “ಅತ್ಯಾ, ನಾ ಹೊರಗ ಕೂತೀನ್ರಿ” ಎಂದಳು. ಮದುವೆಯಾಗಿ ಬಂದ ಮೇಲೆ ಆ ಮಾತನ್ನು ತಿಂಗಳಿಗೊಮ್ಮೆ ಹೇಳುತ್ತಲೇ ಇದ್ದಳು. ಸುಳ್ಳಾಗಿ ಹೇಳಿದ್ದು ಇದೇ ಮೊದಲು.

ಶಾರದಾಬಾಯಿ ಒಲೆಯ ಮುಂದಿನಿಂದ ತಿರುಗಿ ನೋಡಿದರು. “ಮತ್ತ ಆತೇನು?” ಎಂದರು. ಅಷ್ಟೇ. ಆ ಒಂದು ಮಾತಿಗೆ ಪ್ರಮಿತಾ ಹೊಸ್ತಿಲಿನಿಂದ ಹಿಂದೆ ಸರಿದಳು.

ಸೇಡಂನ ಆ ಮನೆಯಲ್ಲಿ ಮುಟ್ಟಾದವಳು ಮೂರು ದಿನ ಅಡುಗೆಮನೆ, ದೇವರಮನೆ, ನೀರಿನ ಕೊಡ ಯಾವುದನ್ನೂ ಮುಟ್ಟುವಂತಿರಲಿಲ್ಲ. ಬೀದಿಗೆ ಹೊಂದಿಕೊಂಡ ಕೋಣೆಯಲ್ಲಿ ಅವಳ ಚಾಪೆ, ಅವಳ ತಟ್ಟೆ. ಕಂಪ್ಯೂಟರ್ ಇದ್ದದ್ದೂ ಅದೇ ಕೋಣೆಯಲ್ಲಿ. ಅದಕ್ಕೆ ಮೈಲಿಗೆ ತಟ್ಟುವುದಿಲ್ಲ ಎಂದು ಗಂಡ ರಘುವೀರ ಎಂದೋ ತೀರ್ಪು ಕೊಟ್ಟಿದ್ದ. ಶಾಸ್ತ್ರ ನೋಡಿ ಅಲ್ಲ, ಕೀಬೋರ್ಡನ್ನು ನೀರಲ್ಲಿ ಅದ್ದಲು ಬರುವುದಿಲ್ಲ ಎಂದು. ಹೀಗಾಗಿ ತಿಂಗಳಲ್ಲಿ ಮೂರು ದಿನ, ಆ ಮೂರೇ ದಿನ, ಪ್ರಮಿತಾಳನ್ನು ಯಾರೂ ಒಳಗೆ ಕರೆಯುತ್ತಿರಲಿಲ್ಲ.

ಅದು ೨೦೦೮ನೆಯ ಇಸವಿ. ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ದಾನೇಶ್ವರಿ ಅವಳಿಗೆ ಒಂದು ಕೆಲಸ ಹಿಡಿದು ಕೊಟ್ಟಿದ್ದಳು. ಕಲಬುರಗಿಯ ಮಹಿಳಾ ಸಂಘವೊಂದಕ್ಕೆ ಚಿಮ್ಮನಚೋಡದಂಥ ಊರುಗಳಲ್ಲಿ ತೋರಿಸಲು ಇಪ್ಪತ್ತು ಸೆಕೆಂಡಿನ ಚಿತ್ರ ಬೇಕಾಗಿತ್ತು: ತುಂಬಿದ ಬಸುರಿ ಕೊಡ ಎತ್ತುತ್ತಾಳೆ, ಬಗ್ಗಿದಲ್ಲೇ ನೋವು ಬರುತ್ತದೆ. ಸೆಕೆಂಡಿಗೆ ಹನ್ನೆರಡರಂತೆ ಇನ್ನೂರ ನಲವತ್ತು ಚಿತ್ರ, ಎಲ್ಲವೂ ಕೈಯಲ್ಲೇ ಬರೆದವು. ಚೆನ್ನಾಗಿ ಬಂದರೆ ಮುಂದಿನ ಚಿತ್ರಗಳೂ ಅವಳಿಗೇ. ಅವಳ ಸ್ವಂತ ಹೆಸರಿಗೆ ಬಂದ ಮೊದಲ ಕೆಲಸ ಅದು.

ದಾನೇಶ್ವರಿ ಹೈದರಾಬಾದಿನಿಂದ ಒಂದು ಟ್ಯಾಬ್ಲೆಟ್ ತಂದುಕೊಟ್ಟಳು. ಪಾಟಿಯಷ್ಟು ದೊಡ್ಡ ಕರಿ ಹಲಗೆ, ಅದರ ಮೇಲೆ ಪೆನ್ನಿನಿಂದ ಎಳೆದರೆ ಗೆರೆ ಪರದೆಯಲ್ಲಿ ಮೂಡುತ್ತದೆ. ಜೊತೆಗೆ ಮೂರು ಸಾಫ್ಟ್‌ವೇರುಗಳ ಸಿ.ಡಿ. “ಮೂರೂ ಮೂವತ್ತು ದಿನ ಪುಕ್ಕಟ ನಡೀತಾವ. ನೋಡಿ ಒಂದು ಆರಸ್ಕೋರಿ, ವೈನಿ. ಆಮ್ಯಾಲ ಬಾಗಲಾ ಹಾಕ್ಕೋತಾವ. ಒಳಗಿನ ಚಿತ್ರಾನೂ ಒಳಗ.” ಕೊಳ್ಳಬೇಕೆಂದರೆ ಪರದೇಶದ ಅಂಗಡಿಗೆ ಕಾರ್ಡಿನಲ್ಲಿ ಹಣ ಕಟ್ಟಬೇಕು. ಅಂಥ ಕಾರ್ಡು ಆ ಓಣಿಯಲ್ಲೇ ಇರಲಿಲ್ಲ.

ಪ್ರಮಿತಾ ಅಲ್ಲಿಯೇ ತಪ್ಪಿದಳು. ಹಬ್ಬಕ್ಕೆ ಮೂರು ಬಗೆಯ ಬೇಳೆ ಒಟ್ಟಿಗೆ ನೆನೆಸಿಡುವಂತೆ ಮೂರನ್ನೂ ಒಂದೇ ದಿನ ಹಾಕಿಬಿಟ್ಟಳು. ಮೂರರ ದಿನಗಳೂ ಒಟ್ಟಿಗೆ ಕರಗತೊಡಗಿದವು.

ಮೊದಲನೆಯದನ್ನು ಎಲ್ಲರೂ ಹೊಗಳುತ್ತಿದ್ದರು. ಮೊದಲ ಚಿತ್ರ, ಕೊನೆಯ ಚಿತ್ರ ಬರೆದರೆ ಸಾಕು, ನಡುವಿನವನ್ನು ಅದೇ ತುಂಬುತ್ತಿತ್ತು. ಅವಳು ನೆಲದ ಮೇಲೊಂದು ಕೊಡ ಬರೆದಳು, ಸೊಂಟದ ಮೇಲೊಂದು ಬರೆದಳು. ಕೊಡ ಬಲೂನಿನಂತೆ ತೇಲಿ ಮೇಲೆ ಬಂತು. ಎತ್ತುವಾಗ ಮೊದಲು ಮೊಣಕಾಲು ಕುಸಿಯುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ, ಆಮೇಲೆ ಕೊಡ ಏಳುತ್ತದೆ. ಅದು ಆ ಸಾಫ್ಟ್‌ವೇರಿಗೆ ಗೊತ್ತಿರಲಿಲ್ಲ. ಅದನ್ನು ಕಟ್ಟಿದವರು ನೀರು ಹೊತ್ತಿರಲಿಕ್ಕಿಲ್ಲ.

ಎರಡನೆಯದರಲ್ಲಿ ಗೆರೆ ಸೀಸದಕಡ್ಡಿಯಷ್ಟೇ ಮೃದು. ಒಂದು ವಾರ ಅದರಲ್ಲೇ ಬರೆದಳು. ಒಂದು ಮಧ್ಯಾಹ್ನ ಅತ್ತೆ ಕರೆದರೆಂದು ಎದ್ದು ಹೋಗಿ ಅಕ್ಕಿ ತೊಳೆದು ಬರುವಷ್ಟರಲ್ಲಿ ಕರೆಂಟು ಹೋಗಿ ನಲವತ್ತು ಚಿತ್ರ ಇಲ್ಲವಾದವು.

ಮೂರನೆಯದು ನೋಡಲು ಬೋಳು. ಆದರೆ ಪೆನ್ನು ಎತ್ತಿದ ಕೂಡಲೇ ಪ್ರತಿ ಚಿತ್ರವನ್ನೂ ತಾನೇ ಉಳಿಸಿಕೊಳ್ಳುತ್ತಿತ್ತು. ಹಿಂದಿನ ಚಿತ್ರವನ್ನು ಮಸುಕಾಗಿ ಕೆಳಗೆ ತೋರಿಸುತ್ತಿತ್ತು. ಒಂದು ಗಂಟೆಯಲ್ಲಿ ಎಷ್ಟು ಸಲ ಏಳಬೇಕಾಯಿತು ಎಂದು ಅವಳು ಎಣಿಸಿ ನೋಡಿದಳು: ಹನ್ನೊಂದು. ಹನ್ನೊಂದು ಸಲವೂ ಮರಳಿ ಬಂದಾಗ ಬಸುರಿಯ ಕೈ ಎಲ್ಲಿತ್ತೆಂದು ಅದು ತೋರಿಸಿತು. ಇದೇ ಸರಿ ಎಂದುಕೊಂಡಾಗ ಬಾಗಿಲು ಮುಚ್ಚಲು ಹದಿಮೂರು ದಿನ ಉಳಿದಿದ್ದವು. ಭಾನುವಾರಕ್ಕೆ ನಾಲ್ಕು ಉಳಿದವು. ಆಗಿದ್ದದ್ದು ಅರವತ್ತು ಚಿತ್ರ. ಸೋಮವಾರ ಸುಳ್ಳು ಹೇಳಿದಳು.

ಬರೆಯುವಾಗೆಲ್ಲ ಕಿವಿ ಒಳಗೇ ಇರುತ್ತಿತ್ತು. ಅರವತ್ತೇಳು ವರ್ಷದ ಅತ್ತೆ ಮಡಿಯುಟ್ಟು ಹಿತ್ತಲಿನಿಂದ ನೀರು ತರುವ ಸದ್ದು, ಕೊಡ ಇಳಿಸುವ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತಿನಲ್ಲಿ ಪ್ರಮಿತಾಳ ಪೆನ್ನು ನಿಲ್ಲುತ್ತಿತ್ತು. ಬಿದ್ದರೇ? ಎದ್ದು ಹೋಗುವಂತಿಲ್ಲ. ಹಿಂದಿನ ಸಲ ಹೊರಗೆ ಕೂತದ್ದು ಏಕಾದಶಿಯ ಮರುದಿನ. ಅತ್ತೆ ಏಕಾದಶಿ ಮರೆಯುವವರಲ್ಲ, ದಿನ ಎಣಿಸದೆ ಬಿಡುವವರಲ್ಲ.

ಬುಧವಾರ ಮಧ್ಯಾಹ್ನ ಶಾರದಾಬಾಯಿ ಕೋಣೆಯ ಬಾಗಿಲಿಗೆ ಬಂದು ನಿಂತರು. ಪ್ರಮಿತಾ ಪರದೆ ಮುಚ್ಚಲು ಹೋಗಿ ಕೈ ಹಿಂದೆಗೆದಳು.

“ಹದಿನಾರು ದಿನದಾಗ ಎರಡು ಸಲ ಆತು.”

“ಹೂಂ ರೀ.”

“ಭಾಳ ಹೋಗ್ಲಿಕತ್ತದೇನು?”

ಈ ಪ್ರಶ್ನೆಯನ್ನು ಅವಳು ಯೋಚಿಸಿಯೇ ಇರಲಿಲ್ಲ. ಹೌದೆಂಬಂತೆ ತಲೆಯಾಡಿಸಿದಳು.

ಶಾರದಾಬಾಯಿಯ ಮುಖ ಬಿಳಿಚಿತು. “ಚಿತ್ತಾಪುರದ ನಮ್ಮ ತಂಗಿಗೂ ಹಿಂಗ ಸುರು ಆಗಿತ್ತು. ಯಾರಿಗೂ ಹೇಳಲಿಲ್ಲ ಆಕಿ. ಹೇಳೋದರಾಗ ಗರ್ಭಚೀಲ ಪೂರಾ ಹೋಗಿತ್ತು. ಎರಡ ತಿಂಗಳದಾಗ ಆಕೀನೂ ಹೋದಳು. ನಾ ರಾತ್ರಿ ಕಣ್ಣ ಮುಚ್ಚಿಲ್ಲ, ಪ್ರಮೀ. ನಾಳೆ ಮುಂಜಾನೆ ಕಲಬುರಗಿಗೆ ಹೋಗೋಣು. ಡಾಕ್ಟರಿಣಿಗೆ ಫೋನ್ ಮಾಡ್ಸೀನಿ.”

ಹಿಡಿಯಲು ಬಂದಿದ್ದಾರೆ ಎಂದು ಹೆದರಿದ್ದವಳಿಗೆ ಈಗ ಬೇರೆಯೇ ಭಯ ಹತ್ತಿತು. ನಾಳೆ ಕಲಬುರಗಿಗೆ ಹೋದರೆ ಚಿತ್ರ ಮುಗಿಯುವುದಿಲ್ಲ, ಸಾಫ್ಟ್‌ವೇರು ಮುಚ್ಚಿಕೊಳ್ಳುತ್ತದೆ. ಆದರೆ ಅತ್ತೆಯ ಗಲ್ಲ ನಡುಗುತ್ತಿತ್ತು. ಅದನ್ನು ನೋಡುತ್ತ ಇನ್ನೊಂದು ಸುಳ್ಳು ಹೇಳಲು ಅವಳಿಂದ ಆಗಲಿಲ್ಲ.

“ಅತ್ಯಾ, ನಾ ಹೊರಗ ಕೂತಿಲ್ರಿ. ನಂಗೇನೂ ಆಗಿಲ್ರಿ. ಈ ಕೆಲಸ ಮುಗಸಬೇಕಾಗಿತ್ತು.”

ಶಾರದಾಬಾಯಿ ಬಾಗಿಲ ಚೌಕಟ್ಟು ಹಿಡಿದು ಕೆಳಗೆ ಕುಳಿತರು. ಬೈದಿದ್ದರೆ ವಾಸಿ ಎನಿಸಿತು ಪ್ರಮಿತಾಳಿಗೆ.

“ಮೂರು ದಿನ ನೀರ ಹೊತ್ತೀನಿ,” ಎಂದರು. “ಸತ್ತುಹೋಗ್ತೀ ಅಂತ ಅತ್ತೀನಿ. ಕೇಳಬಾರದಾಗಿತ್ತೇನು?”

“ಕೇಳಿದ್ರ ಕೊಡ್ತಿದ್ದಿರೇನ್ರಿ, ಮೂರು ದಿನ?”

ಶಾರದಾಬಾಯಿ ಯೋಚಿಸಿದರು. “ಇಲ್ಲ,” ಎಂದರು. ಪರದೆಯ ಮೇಲೆ ಬಸುರಿ ಅರ್ಧ ಬಗ್ಗಿ ನಿಂತಿದ್ದಳು. ಅವಳನ್ನೇ ನೋಡುತ್ತ ಕೇಳಿದರು: “ಇನ್ನ ಎಷ್ಟ ಉಳದಾವ?”

“ಎಪ್ಪತ್ತು. ನಾಳೆ ಕಡೀ ದಿನ.”

ಗುರುವಾರ ಬೆಳಿಗ್ಗೆ ರಘುವೀರ ಕಚೇರಿಗೆ ಹೊರಡುವ ಅವಸರದಲ್ಲಿದ್ದ. ಹಿತ್ತಲಿನಿಂದ ಅತ್ತೆಯ ದನಿ ಕೇಳಿಸಿತು: “ರಘೂ, ಇಂದೂ ಆಕಿ ಹೊರಗ ಕೂತಾಳ. ನನ್ನ ಮೊಣಕಾಲ ಏಳವಲ್ಲದು. ತಲಿ ಮ್ಯಾಲ ನೀರ ಹಾಕ್ಕೊಂಡು ಮಡಿ ಉಟ್ಟು ಕೊಡ ತುಂಬು.”

“ನಾನಾ? ಆಫೀಸ್ ಹೊತ್ತಾತಲ್ಲವ್ವಾ!”

“ಹೆಂಗಸರಿಗೆ ಆಫೀಸ್ ಇಲ್ಲ ನೋಡು, ಹಂಗಾಗಿ ಹೊತ್ತಾಗಂಗಿಲ್ಲ. ತುಂಬು.”

ಪ್ರಮಿತಾ ಗೋಡೆಗೆ ಬೆನ್ನು ಕೊಟ್ಟು ಬರೆದಳು. ನಿನ್ನೆಯವರೆಗೆ ಸಿಕ್ಕಿಬೀಳುವ ಭಯ ಒಂದೇ ಇತ್ತು. ಈಗ ಅತ್ತೆಯೂ ಸುಳ್ಳು ಹೇಳಿದ್ದರು, ಅದೂ ಮಗನ ಮುಂದೆ. ಮುಗಿಯದಿದ್ದರೆ? ಗೆರೆ ಸೊಟ್ಟಗಾಯಿತು. ಅಳಿಸಿದಳು, ಮತ್ತೆ ಎಳೆದಳು. ಐದಕ್ಕೆ ಕರೆಂಟು ಹೋಗುವುದಿತ್ತು. ನಾಲ್ಕೂವರೆಗೆ ಕೊನೆಯ ಚಿತ್ರವಾಯಿತು. ಚಿತ್ರ ಸಿ.ಡಿ.ಗೆ ಇಳಿಯುತ್ತಿದ್ದಷ್ಟು ಹೊತ್ತೂ ಅವಳು ಬಲ್ಬನ್ನೇ ನೋಡುತ್ತ ಕುಳಿತಳು, ಅದು ಉರಿಯುವುದು ತನ್ನ ನೋಟದಿಂದಲೇ ಎಂಬಂತೆ. ಐದಕ್ಕೆ ಎರಡು ನಿಮಿಷವಿರುವಾಗ ಸಿ.ಡಿ. ಹೊರಬಂತು.

“ಮುಗೀತೇನು?” ಒಳಗಿನಿಂದ ಶಾರದಾಬಾಯಿ ಕೂಗಿದರು.

“ಮುಗೀತ್ರಿ.”

“ನಾಳೆ ಮುಂಜಾನೆ ಎರಕೊಂಡು ಒಳಗ ಬಾ. ಮಡಿನೀರು ತರೋದು ನಿಂದು.” ಮತ್ತೆ ಅಂದರು: “ಮುಂದಿನ ಸಲ ಬೇಕಾದ್ರ ಕೇಳು. ನಾ ಇಲ್ಲ ಅಂದ್ರೂ ಕೇಳು.”